ಎಡ ಕಂಕುಳಿನ ಸವೆತ

ಈ ಮೇಜಿನ ಮೇಲೆ ಎರಡು ಬ್ಯಾಗ್‌ಪೈಪ್ ಇಟ್ಟಿದ್ದೇನೆ, ಚೀಲ ಒತ್ತಿ ಊದುವ ಸ್ಕಾಟಿಷ್ ವಾದ್ಯ. ಎರಡೂ ಕಪ್ಪಗಿವೆ. ಎರಡಕ್ಕೂ ಬಿಳಿ ಉಂಗುರಗಳಿವೆ. ಒಂದಕ್ಕೆ ನೂರು ವರ್ಷ ದಾಟಿದೆ. ಇನ್ನೊಂದು ನಾನು ದುಡ್ಡು ಕೊಟ್ಟು ಟೋಪಿ ಹಾಕಿಸಿಕೊಂಡದ್ದು. ಯಾವುದು ಯಾವುದು ಅಂತ ದೂರದಿಂದ ಗೊತ್ತಾಗುವುದಿಲ್ಲ. ನನಗೂ ಅವತ್ತು ಗೊತ್ತಾಗಲಿಲ್ಲ.

ಕೆಲಸದ ಮೇಲೆ ಆರು ವರ್ಷ ಸ್ಕಾಟ್ಲೆಂಡಿನಲ್ಲಿದ್ದೆ. ಹೋದ ಮೊದಲ ಚಳಿಗಾಲದಲ್ಲೇ ಒಂದು ಭಾನುವಾರದ ಸಂತೆಗೆ ಹೋದೆ. ಅಲ್ಲೊಬ್ಬ ವ್ಯಾಪಾರಿ ಹಳೆಯ ಕಂಬಳಿಯ ಮೇಲೆ ಈ ವಾದ್ಯ ಹರಡಿಕೊಂಡು ಕೂತಿದ್ದ. "ನಮ್ಮ ಮುತ್ತಾತನದು, ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ತೆಗೆದುಕೊಂಡು ಹೋಗಿದ್ದ" ಅಂದ. ಮುತ್ತಾತನ ಕಥೆಯನ್ನು ಹದಿನೈದು ನಿಮಿಷ ಹೇಳಿದ. ಕಥೆ ಎಷ್ಟು ಚೆನ್ನಾಗಿತ್ತು ಅಂದರೆ, ನಾನು ವಾದ್ಯವನ್ನು ನೋಡಲೇ ಇಲ್ಲ. 180 ಪೌಂಡ್ ಎಣಿಸಿ ಕೊಟ್ಟು ಬಂದೆ.

ರಜೆಗೆ ಊರಿಗೆ ಬಂದಾಗ ಅದನ್ನೂ ತಂದೆ. ನನ್ನ ಸೋದರಮಾವ ತೀರ್ಥಹಳ್ಳಿ ಕಡೆ ಮರಗೆಲಸ ಮಾಡುತ್ತಿದ್ದವರು. ಅವರು ಒಂದು ಕೊಳವೆ ಬಿಚ್ಚಿ ಅಂಗೈಯಲ್ಲಿ ತೂಗಿದರು. "ಇದೇನೋ ಇಷ್ಟು ಹಗುರ? ಬಣ್ಣ ಹೊಡೆದಿದ್ದಾರೆ ಕಣೋ" ಅಂದರು. ಹಳೇ ಪಂಚೆಯ ಚೂರಿಗೆ ಸ್ಪಿರಿಟ್ ಹಾಕಿ ಉಜ್ಜಿದರು. ಪಂಚೆ ಕಪ್ಪಾಯಿತು, ಕೊಳವೆ ಕಂದಾಯಿತು. ಆಮೇಲೆ ಮೂಸಿ ನೋಡಿ ಹೇಳಿದರು, "ಬೀಟೆ ಜಾತಿದು. ಆದ್ರೆ ನಮ್ಮ ಬೀಟೆ ಅಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ಅದು ಶೀಶಮ್. ಈಗಿನ ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಬ್ಯಾಗ್‌ಪೈಪ್ ಮಾಡುವ ಕಾರ್ಖಾನೆಗಳು ಬಹಳ ಇವೆ. ಬ್ರಿಟಿಷ್ ಸೈನ್ಯ ಬಿಟ್ಟುಹೋದ ಕಸುಬು ಅದು. ಅಲ್ಲಿ ಶೀಶಮ್ ಮರ ಸುಲಭವಾಗಿ ಸಿಗುತ್ತದೆ, ಅದರಲ್ಲೇ ಕಡೆಯುತ್ತಾರೆ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರು ಹೊಸ ವಾದ್ಯ ಅಂತಲೇ ಮಾಡಿ, ಹೊಸ ವಾದ್ಯ ಅಂತಲೇ ಮಾರಿದ್ದರು. ಮುತ್ತಾತನನ್ನು ಸೇರಿಸಿದ್ದು ಸಂತೆಯವನು.

ಅವತ್ತಿನಿಂದ ನಾನು ಮಾಡಿಕೊಂಡ ಅಭ್ಯಾಸ ಒಂದೇ. ಯಾರಾದರೂ ಹಳೆಯ ಸಾಮಾನು ತೋರಿಸಿ ಕಥೆ ಶುರು ಮಾಡಿದರೆ, ಕಿವಿ ಅವರಿಗೆ ಕೊಟ್ಟು ಕೈಯನ್ನು ಸಾಮಾನಿಗೆ ಕೊಡುವುದು. ಇವತ್ತು ನಿಮಗೆ ತೋರಿಸಬೇಕು ಅಂದುಕೊಂಡಿರುವುದೂ ಅದನ್ನೇ. ಸ್ಕಾಟಿಷ್ ಸೈನ್ಯದ ಪೈಪರ್, ಅಂದರೆ ಬ್ಯಾಗ್‌ಪೈಪ್ ಊದುವವನು, ಹಾಕಿಕೊಂಡ ಬಟ್ಟೆ, ಊದಿದ ವಾದ್ಯ ಕೈಗೆ ಸಿಕ್ಕರೆ ಎಲ್ಲಿ ನೋಡಬೇಕು?

ಮೊದಲು ವಾದ್ಯ. ನೀವು ಇದನ್ನು ಗಣರಾಜ್ಯೋತ್ಸವದ ಪರೇಡಿನಲ್ಲಿ ಟಿವಿಯಲ್ಲಿ ನೋಡಿರುತ್ತೀರಿ. ಅರ್ಥ ಆಗಬೇಕಾದರೆ ನಮ್ಮ ಓಲಗದವರನ್ನು ನೆನಪಿಸಿಕೊಳ್ಳಿ. ಒಬ್ಬರು ನುಡಿಸುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಸುಮ್ನೆ ಶ್ರುತಿ ಹಿಡಿದು ನಿಂತಿರುತ್ತಾರೆ ಅಲ್ವಾ? ಇಲ್ಲಿ ಎರಡೂ ಕೆಲಸ ಒಬ್ಬನದೇ. ಈ ಕೊಳವೆಯಿಂದ ಚೀಲಕ್ಕೆ ಗಾಳಿ ಊದುತ್ತಾನೆ. ಚೀಲವನ್ನು ಎಡ ಕಂಕುಳಲ್ಲಿ ಇಟ್ಟು ಒತ್ತುತ್ತಾನೆ. ಗಾಳಿ ನಾಲ್ಕು ಕಡೆ ಹೊರಗೆ ಬರುತ್ತದೆ. ಬೆರಳಾಡಿಸುವ ಕೊಳವೆ ಚಾಂಟರ್. ಹೆಗಲ ಮೇಲೆ ನಿಂತಿರುವ ಮೂರು ಕೊಳವೆ ಡ್ರೋನ್. ಈಗ ಡ್ರೋನ್ ಅಂದರೆ ಮದುವೆ ಮನೆ ಮೇಲೆ ಹಾರುವ ಕ್ಯಾಮೆರಾ, ಇದು ಅದಲ್ಲ. ಇವು ಶ್ರುತಿ ಕೊಳವೆಗಳು. ಎರಡು ಟೆನರ್, ಒಂದು ಬೇಸ್. ಬೇಸ್ ಡ್ರೋನಿನ ಷಡ್ಜ ಟೆನರ್‌ಗಿಂತ ಒಂದು ಸ್ಥಾಯಿ ಕೆಳಗೆ.

ಚಾಂಟರ್‌ನಲ್ಲಿ ಒಟ್ಟು 9 ಸ್ವರ. ಕೆಳಗಿನ ನಿಷಾದದಿಂದ ಶುರುವಾಗಿ ಮೇಲಿನ ಷಡ್ಜದವರೆಗೆ. ಸಂಗೀತ ಗೊತ್ತಿರುವವರಿಗೆ ಒಂದೇ ಮಾತಲ್ಲಿ ಹೇಳುತ್ತೇನೆ: ಹೆಚ್ಚುಕಮ್ಮಿ ನಮ್ಮ ಹರಿಕಾಂಭೋಜಿಯ ಸ್ವರಗಳು. ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಶಬ್ದವನ್ನು ನಿಲ್ಲಿಸಲೂ ಆಗುವುದಿಲ್ಲ, ಜೋರು ಮೆಲ್ಲಗೆ ಮಾಡಲೂ ಆಗುವುದಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕಾದರೆ ನಡುವೆ ಬೇರೆ ಸ್ವರವೊಂದನ್ನು ಬೆರಳಲ್ಲಿ ಚಿಟಿಕೆ ಹೊಡೆದಂತೆ ತಂದು ಬಿಡಬೇಕು. ಕೇಳುವವರಿಗೆ ಕುಣಿತದ ಹಾಗೆ ಅನ್ನಿಸುವುದು ಆ ಚಿಟಿಕೆಗಳೇ.

ಈಗ ಹಳೆಯದನ್ನು ಗುರುತಿಸುವ ವಿಷಯ. ಒಂದು ಬ್ಯಾಗ್‌ಪೈಪ್ ಇಡಿಯಾಗಿ ಹಳೆಯದಾಗಿರುವುದು ತೀರಾ ಅಪರೂಪ. ಚೀಲ ಕುರಿ ಚರ್ಮದ್ದು. ಉಸಿರಿನ ತೇವಕ್ಕೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತದೆ. ಅದಕ್ಕೇ ಹಿಂದಿನವರು ಒಳಗೆ ಟ್ರೀಕಲ್ ಅಂತ ಒಂದು ಪಾಕ ಸುರಿದು ತಿಕ್ಕುತ್ತಿದ್ದರು. ನಮ್ಮ ಜೋನಿಬೆಲ್ಲದ ಅಣ್ಣನೋ ತಮ್ಮನೋ ಅದು. ಕೆಲವರು ಜೇನುತುಪ್ಪ ಹಾಕುತ್ತಿದ್ದರು. ಚರ್ಮದ ಸಣ್ಣ ತೂತುಗಳು ಮುಚ್ಚಿಕೊಳ್ಳಬೇಕು, ಚರ್ಮ ಒಣಗಿ ಬಿರಿಯಬಾರದು, ಇಷ್ಟೇ ಲೆಕ್ಕ. ಒಳಗೆ ಅದುರಿ ಶಬ್ದ ಹುಟ್ಟಿಸುವ ರೀಡುಗಳು ಜೊಂಡಿನವು, ಅವು ಇನ್ನೂ ಬೇಗ ಹೋಗುತ್ತವೆ. ಚಾಂಟರ್ ಕೂಡ ಬದಲಾಗುತ್ತದೆ. ಇದಕ್ಕೆ ಕಾರಣ ಶ್ರುತಿ. ನೂರೈವತ್ತು ವರ್ಷದ ಹಿಂದಿನ ಚಾಂಟರ್‌ಗಳ ಷಡ್ಜ ಇವತ್ತಿಗಿಂತ ತಗ್ಗಿನದು. ಏರುತ್ತಾ ಏರುತ್ತಾ ಇವತ್ತಿನ ಬ್ಯಾಂಡುಗಳಲ್ಲಿ 480 ಹರ್ಟ್ಜ್ ಹತ್ತಿರ ಬಂದಿದೆ. ಹಳೇ ಚಾಂಟರ್ ಹಿಡಿದು ಇವತ್ತಿನ ಬ್ಯಾಂಡಿನಲ್ಲಿ ನಿಂತರೆ ಪಕ್ಕದವನು ಓಡಿಹೋಗುತ್ತಾನೆ.

ಉಳಿಯುವುದು ಡ್ರೋನುಗಳು. ಅವನ್ನು ಜಾರಿಸಿ ಉದ್ದ ಕಡಿಮೆ ಜಾಸ್ತಿ ಮಾಡಿ ಶ್ರುತಿ ಕೂಡಿಸಬಹುದು, ಹಾಗಾಗಿ ಹೊಸ ಚಾಂಟರ್ ಜೊತೆಗೂ ಬಾಳುತ್ತವೆ. ಇವತ್ತಿಗೂ ದೊಡ್ಡ ದೊಡ್ಡ ಪೈಪರ್‌ಗಳು ನೂರು ವರ್ಷದ ಡ್ರೋನಿಗೆ ಹೊಸ ಚಾಂಟರ್ ಸೇರಿಸಿ ಊದುತ್ತಾರೆ. ಆದ್ದರಿಂದ ಯಾರಾದರೂ "ನೋಡಿ, ಚಾಂಟರ್ ಮೇಲೆ ಹೆಂಡರ್ಸನ್ ಮುದ್ರೆ ಇದೆ" ಅಂದರೆ, ಆ ಮಾತು ಚಾಂಟರ್‌ಗೆ ಮಾತ್ರ. ಡ್ರೋನು ಯಾರದು ಅಂತ ಬೇರೆಯೇ ಕೇಳಬೇಕು. ಗ್ಲಾಸ್ಗೋದ ಪೀಟರ್ ಹೆಂಡರ್ಸನ್, ಆರ್. ಜಿ. ಲಾರಿ, ಎಡಿನ್‌ಬರೋದ ಗ್ಲೆನ್ ಮನೆತನ, ಅಬರ್‌ಫೆಲ್ಡಿಯ ಡಂಕನ್ ಮ್ಯಾಕ್‌ಡೂಗಲ್, ಇವೆಲ್ಲ ಸಂಗ್ರಹಕಾರರು ಬಾಯಿ ಚಪ್ಪರಿಸುವ ತಯಾರಕರ ಹೆಸರುಗಳು. ಗೊತ್ತಿರುವವರು ಮುದ್ರೆಗಿಂತ ಕಡೆತವನ್ನು ನೋಡುತ್ತಾರೆ. ಡ್ರೋನಿನ ಮೈಮೇಲೆ ಬಾಚಣಿಗೆ ಎಳೆದಂತೆ ಸಣ್ಣ ಗೀರುಗಳು, ನಡುವೆ ಉಬ್ಬಿದ ಮಣಿಗಳು ಕಾಣುತ್ತಿವೆಯಾ? ಪ್ರತಿ ಅಂಗಡಿಯವರ ಕೈ ಬೇರೆ. ನಮ್ಮಲ್ಲಿ ಚನ್ನಪಟ್ಟಣದ ಕೆಲಸಗಾರರು ಬೊಂಬೆ ನೋಡಿಯೇ ಯಾರ ಲೇತಿನದು ಅಂತ ಹೇಳುವುದಿಲ್ಲವೇ, ಹಾಗೆ.

ಮರವೂ ಕಾಲ ಹೇಳುತ್ತದೆ. ಮೊದಮೊದಲು ಅಲ್ಲಿಯ ಲ್ಯಾಬರ್ನಮ್, ಬಾಕ್ಸ್‌ವುಡ್‌ನಂಥ ಮರಗಳಲ್ಲೇ ಕಡೆಯುತ್ತಿದ್ದರು. ಹಡಗುಗಳು ಸಾಮ್ರಾಜ್ಯದ ಮೂಲೆಮೂಲೆಯಿಂದ ಬರತೊಡಗಿದ ಮೇಲೆ ಕೆರೀಬಿಯನ್ ಕಡೆಯ ಕೋಕಸ್, ಆಮೇಲೆ ಎಬೊನಿ, ಕೊನೆಗೆ ಆಫ್ರಿಕನ್ ಬ್ಲ್ಯಾಕ್‌ವುಡ್ ಬಂತು. 20ನೇ ಶತಮಾನದಲ್ಲಿ ಬ್ಲ್ಯಾಕ್‌ವುಡ್‌ದೇ ರಾಜ್ಯ. ತಮಾಷೆ ಏನು ಗೊತ್ತಾ? ಈ ಬ್ಲ್ಯಾಕ್‌ವುಡ್, ನಮ್ಮ ಬೀಟೆ, ನನಗೆ ಟೋಪಿ ಹಾಕಿದ ಶೀಶಮ್, ಮೂರೂ ಡಾಲ್ಬರ್ಜಿಯಾ ಎಂಬ ಒಂದೇ ಕುಲದವು. ದಾಯಾದಿಗಳು. ಆದರೆ ಬ್ಲ್ಯಾಕ್‌ವುಡ್ ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗುತ್ತದೆ, ಶೀಶಮ್ ತೇಲುತ್ತದೆ. ದಯವಿಟ್ಟು ಹಳೇ ವಾದ್ಯವನ್ನು ಬಕೆಟ್ಟಿಗೆ ಹಾಕಿ ಪರೀಕ್ಷೆ ಮಾಡಬೇಡಿ. ಮಾವನ ಹಾಗೆ ಕೈಯಲ್ಲಿ ತೂಗಿದರೆ ಸಾಕು.

ಬಿಳಿ ಉಂಗುರಗಳ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಒಳ್ಳೆಯ ವಾದ್ಯಗಳಲ್ಲಿ ಅವು ಆನೆದಂತ. ಅಡ್ಡಕೊಯ್ತದಲ್ಲಿ ದಂತಕ್ಕೆ ಒಂದರ ಮೇಲೊಂದು ಹಾಯುವ ಬಲೆಯಂಥ ಗೆರೆಗಳಿರುತ್ತವೆ. ಮೂಳೆಯಾದರೆ ಸಣ್ಣ ಕಪ್ಪು ಚುಕ್ಕೆ. ಹಳೇ ಕಾಲದ ಪ್ಲಾಸ್ಟಿಕ್ ಸೆಲ್ಯುಲಾಯ್ಡ್ ಆದರೆ ಬೆರಳಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಸಿ, ಕರ್ಪೂರದ ವಾಸನೆ ಬರುತ್ತದೆ. ದೇವರ ಮನೆ ನೆನಪಾಗುತ್ತದೆ. ದಂತವಾದರೆ ಕಾನೂನಿನ ತಾಪತ್ರಯ. ಬ್ರಿಟನ್ನಿನಲ್ಲಿ 2018ರ ದಂತ ಕಾಯ್ದೆ 2022ರಲ್ಲಿ ಜಾರಿಗೆ ಬಂತು. 1975ಕ್ಕಿಂತ ಮುಂಚಿನ, ದಂತ ಶೇಕಡಾ 20ಕ್ಕಿಂತ ಕಡಿಮೆ ಇರುವ ವಾದ್ಯಗಳನ್ನು ನೋಂದಾಯಿಸಿ ಮಾರಬಹುದು. ನಮ್ಮಲ್ಲಿ ದಂತದ ವ್ಯಾಪಾರವೇ ನಿಷೇಧ. 2014ರಲ್ಲಿ ಅಮೆರಿಕದ ಇಬ್ಬರು ಹುಡುಗರು ಕೆನಡಾದ ಸ್ಪರ್ಧೆಯಿಂದ ವಾಪಸ್ ಬರುವಾಗ ಗಡಿಯಲ್ಲಿ ಅವರ ಹಳೆಯ ಪೈಪುಗಳನ್ನೇ ಕಿತ್ತುಕೊಂಡಿದ್ದರು. ಆಮೇಲೆ ಕೊಟ್ಟರು ಅನ್ನಿ. ನಾನು ಎರಡನೇ ಸಲ ಕೊಳ್ಳುವಾಗ ಹುಡುಕಿ ಹುಡುಕಿ ಸೆಲ್ಯುಲಾಯ್ಡ್ ಉಂಗುರದ್ದನ್ನೇ ಕೊಂಡೆ. ಬೆಲೆಯೂ ಕಮ್ಮಿ, ನಿದ್ದೆಯೂ ಬರುತ್ತದೆ.

ಇನ್ನು ಬಟ್ಟೆ. ನನಗೆ ವಾದ್ಯಕ್ಕಿಂತ ಇದರ ಮೇಲೆ ಪ್ರೀತಿ ಜಾಸ್ತಿ.

ಸ್ಕಾಟಿಷ್ ಸೈನ್ಯ ಅಂದರೆ ಚೌಕಳಿ ಲಂಗದಂಥ ಕಿಲ್ಟ್, ಪೈಪು ಅಂತ ನಾವು ಅಂದುಕೊಂಡಿದ್ದೇವೆ. ಆದರೆ 1746ರಲ್ಲಿ ಕಲ್ಲೋಡನ್ ಯುದ್ಧದಲ್ಲಿ ಬಂಡುಕೋರರು ಸೋತ ಮೇಲೆ ಬ್ರಿಟಿಷ್ ಸರ್ಕಾರ ಹೈಲ್ಯಾಂಡ್ ಉಡುಪನ್ನೇ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನವರ ಉಡುಪನ್ನೇ, ನಿಷೇಧಿಸಿತು. 1782ರವರೆಗೆ ಆ ನಿಷೇಧ ಇತ್ತು. ಸರ್ಕಾರದ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ಅಂದರೆ ಕಿಲ್ಟ್ ಉಡಬೇಕಾದರೆ ರಾಜನ ಸಂಬಳ ತಿನ್ನಬೇಕು. ಪೈಪಿನ ಹೆಸರು ಆ ಕಾಯ್ದೆಯಲ್ಲಿ ಇರಲಿಲ್ಲ. ಆದರೆ ಅದೇ 1746ರ ನವೆಂಬರ್‌ನಲ್ಲಿ ಬಂಡುಕೋರರ ಕಡೆಯ ಜೇಮ್ಸ್ ರೀಡ್ ಎಂಬ ಪೈಪರ್‌ನನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ನನ್ನ ಕೈಯಲ್ಲಿ ಆಯುಧ ಇರಲಿಲ್ಲ ಅಂತ ಅವನ ವಾದ. ಹೈಲ್ಯಾಂಡ್ ಪಡೆ ಪೈಪರ್ ಇಲ್ಲದೆ ಹೊರಡುವುದೇ ಇಲ್ಲ, ಹಾಗಾಗಿ ಪೈಪೂ ಯುದ್ಧದ ಸಾಧನವೇ ಅಂತ ನ್ಯಾಯಾಲಯದ ವಾದ.

ಇಷ್ಟಾದರೂ ಪೈಪರ್ ಎಂಬ ಹುದ್ದೆಗೆ ಸೈನ್ಯದ ಲೆಕ್ಕದಲ್ಲಿ ಜಾಗ ಸಿಕ್ಕಿದ್ದು 1854ರಲ್ಲಿ. ಒಂದು ಹೈಲ್ಯಾಂಡ್ ರೆಜಿಮೆಂಟಿಗೆ ಒಬ್ಬ ಪೈಪ್ ಮೇಜರ್, ಐದು ಪೈಪರ್. ಅದಕ್ಕೂ ಮುಂಚೆ ಅಧಿಕಾರಿಗಳೇ ಕೈಯಿಂದ ಖರ್ಚು ಹಾಕಿ ಇಟ್ಟುಕೊಳ್ಳುತ್ತಿದ್ದರು, ಪಟ್ಟಿಯಲ್ಲಿ ಡ್ರಮ್ಮರ್ ಅಂತ ಬರೆಯುತ್ತಿದ್ದರು. ಹಾಗಾಗಿ 1854ಕ್ಕೂ ಹಿಂದಿನ 'ಸರ್ಕಾರಿ ಪೈಪರ್ ಯೂನಿಫಾರ್ಮ್' ಅಂತ ಯಾರಾದರೂ ತಂದರೆ ಹುಬ್ಬೇರಿಸಿ.

ಈ ಹಸಿರು ಜಾಕೆಟ್ ನೋಡಿ. ಇದಕ್ಕೆ ಡಬ್ಲೆಟ್ ಅಂತಾರೆ. ಸೊಂಟದ ಕೆಳಗೆ ನಾಲಗೆಯ ಹಾಗೆ ಪಟ್ಟಿಗಳು ಇಳಿಬಿದ್ದಿವೆ. ಈ ಮಾದರಿ ಬಂದಿದ್ದು 1855ರ ಸುಮಾರಿಗೆ. ಮಾಮೂಲಿ ಸಿಪಾಯಿಗೆ ಕೆಂಪು, ಪೈಪರ್‌ಗೆ ಹಸಿರು. ಗುಂಪಿನಲ್ಲಿ ಪೈಪರ್ ಬೇರೆ ಕಾಣಬೇಕು ಅಂತ ಕಿಲ್ಟಿನ ಬಟ್ಟೆಯೂ ಕೆಲವು ಕಡೆ ಬೇರೆ. ಬ್ಲ್ಯಾಕ್ ವಾಚ್ ರೆಜಿಮೆಂಟಿನ ಸಿಪಾಯಿಗಳದು ಕಡು ಹಸಿರು-ನೀಲಿ ಟಾರ್ಟನ್ (ಚೌಕಳಿ ಬಟ್ಟೆ), ಅವರ ಪೈಪರ್‌ಗಳದು ಕೆಂಪು ರಾಯಲ್ ಸ್ಟೂವರ್ಟ್. ಟೋಪಿಯಲ್ಲೂ ಅವರದು ಬೇರೆ ದಾರಿ. ಬೇರೆ ಹೈಲ್ಯಾಂಡ್ ರೆಜಿಮೆಂಟಿನ ಪೈಪರ್‌ಗಳು ದೋಣಿ ಆಕಾರದ ಗ್ಲೆನ್‌ಗ್ಯಾರಿ ಹಾಕಿದರೆ, ಬ್ಲ್ಯಾಕ್ ವಾಚ್‌ನವರು ಉಷ್ಟ್ರಪಕ್ಷಿಯ ಗರಿ ಪೇರಿಸಿದ ದೊಡ್ಡ ಫೆದರ್ ಬಾನೆಟ್ ಹಾಕುತ್ತಿದ್ದರು. ಒಳಗೆ ತಂತಿಯ ಪಂಜರ ಇರುತ್ತದೆ. ನಮ್ಮ ಯಕ್ಷಗಾನದ ಕಿರೀಟ ಬಿಚ್ಚಿ ನೋಡಿದವರಿಗೆ ಆಶ್ಚರ್ಯ ಆಗುವುದಿಲ್ಲ.

ಕಾಲ ಹಿಡಿಯಲು ಎಲ್ಲಕ್ಕಿಂತ ಸುಲಭ ಬಟನ್. 1881ರವರೆಗೆ ರೆಜಿಮೆಂಟುಗಳಿಗೆ ನಂಬರು ಮುಖ್ಯ. 42, 78, 93 ಹೀಗೆ. ಆ ವರ್ಷ ಬಹಳಷ್ಟನ್ನು ಎರಡೆರಡಾಗಿ ಸೇರಿಸಿ ಹೆಸರು ಕೊಟ್ಟರು. 42 ಮತ್ತು 73 ಸೇರಿ ಬ್ಲ್ಯಾಕ್ ವಾಚ್. 72 ಮತ್ತು 78 ಸೇರಿ ಸೀಫೋರ್ತ್. 75 ಮತ್ತು 92 ಸೇರಿ ಗಾರ್ಡನ್. ಬಟನ್ ಮೇಲೆ ಅಂಕಿ ಇದ್ದರೆ ಅದಕ್ಕೂ ಹಿಂದಿನ ಮಾದರಿ. ಆಮೇಲೆ ಕಿರೀಟ ನೋಡಿ. ವಿಕ್ಟೋರಿಯಾ ಕಾಲದ್ದು ಒಂದು ಥರ. 1901ರಿಂದ ರಾಜರ ಕಾಲಕ್ಕೆ ಕಮಾನು ದುಂಡಗಿರುವ ಟ್ಯೂಡರ್ ಕಿರೀಟ. ಎಲಿಜಬೆತ್ ಬಂದ ಮೇಲೆ ನಡುವೆ ತಗ್ಗಿರುವ ಕಿರೀಟ. ಈಗ ಚಾರ್ಲ್ಸ್ ಮತ್ತೆ ಟ್ಯೂಡರ್ ಮಾದರಿಗೇ ಹೋಗಿದ್ದಾರೆ, ಹಾಗಾಗಿ ಮುಂದಿನ ತಲೆಮಾರಿನ ಸಂಗ್ರಹಕಾರರಿಗೆ ತಲೆನೋವು ಕಾದಿದೆ. ಈ ಜಾಕೆಟಿನ ಎಂಟು ಬಟನ್ನಿನಲ್ಲಿ ಏಳು ಟ್ಯೂಡರ್. ಒಂದು ವಿಕ್ಟೋರಿಯಾ. ಮೊದಲು ನನಗೆ ಬೇಜಾರಾಯಿತು, ಮತ್ತೆ ಟೋಪಿ ಬಿತ್ತಾ ಅಂತ. ಆಮೇಲೆ ಹೊಲಿಗೆ ನೋಡಿದೆ. ಆ ಒಂದು ಬಟನ್ನಿನ ದಾರ ಬೇರೆ, ಅದೂ ಹಳೆಯದೇ. ಬಟನ್ ಬಿದ್ದುಹೋಗಿದೆ, ಡಬ್ಬಿಯಲ್ಲಿ ಸಿಕ್ಕಿದ್ದನ್ನು ಹೊಲಿದುಕೊಂಡಿದ್ದಾನೆ. ನಮ್ಮಮ್ಮ ನನ್ನ ಸ್ಕೂಲ್ ಶರ್ಟಿಗೆ ಮಾಡುತ್ತಿದ್ದದ್ದೂ ಅದೇ.

ಮುಂದೆ ತೂಗಾಡುವ ಕುದುರೆ ಕೂದಲಿನ ಚೀಲ ಸ್ಪೊರನ್. ಬಿಳಿ ಕೂದಲಿಗೆ ಐದು ಕಪ್ಪು ಕುಚ್ಚು ಅಂದರೆ ಬ್ಲ್ಯಾಕ್ ವಾಚ್. ಕಪ್ಪು ಕೂದಲಿಗೆ ಎರಡು ಬಿಳಿ ಕುಚ್ಚು ಅಂದರೆ ಕ್ಯಾಮೆರಾನ್ ರೆಜಿಮೆಂಟು. ನಡೆಯುವಾಗ ಇದು ಕಿಲ್ಟಿಗೆ ಉಜ್ಜುತ್ತಾ ಇರುತ್ತದೆ. ನಿಜವಾಗಿ ಉಟ್ಟ ಕಿಲ್ಟಿನ ಮುಂಭಾಗದಲ್ಲಿ ಅಂಗೈ ಅಗಲ ಮಾಸಿರಲೇಬೇಕು. ಕಿಲ್ಟನ್ನು ಒಬ್ಬನಿಂದ ಇನ್ನೊಬ್ಬನಿಗೆ ದಾಟಿಸುತ್ತಿದ್ದದ್ದೂ ಉಂಟು. ನನ್ನ ಹತ್ತಿರ ಇರುವುದರ ಒಳಪಟ್ಟಿಯಲ್ಲಿ ಮೂರು ಹೆಸರು, ಎರಡಕ್ಕೆ ಅಡ್ಡಗೆರೆ. ಬಕಲ್ ಕೂತ ಜಾಗ ಎರಡು ಸಲ ಸರಿದಿದೆ. ಮೂರನೆಯವನು ಸ್ವಲ್ಪ ದಪ್ಪಗಿದ್ದ.

ಒಂದು ನಿಮಿಷ ದಾರಿ ಬಿಟ್ಟು ಹೋಗುತ್ತೇನೆ. ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಅರ್ಧ ಗಂಟೆ ದಾರಿ. ಬೈಲಿ ಬಂದೀಖಾನೆ ಅಂತ ಬೋರ್ಡು ನೋಡಿದ್ದೀರಿ. 1780ರ ಪೊಳ್ಳಿಲೂರು ಕಾಳಗದಲ್ಲಿ ಕರ್ನಲ್ ಬೈಲಿ ಜೊತೆ ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಒಬ್ಬ. ಹೈಲ್ಯಾಂಡ್ ರೆಜಿಮೆಂಟಿನ ಕ್ಯಾಪ್ಟನ್. ಮೂರೂವರೆ ವರ್ಷ ದಾಟಿ ಇಲ್ಲಿ ಕೈದಿಯಾಗಿದ್ದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಪಡೆಯನ್ನು ನಡೆಸಿದವನೂ ಅವನೇ. ಆ ದಿನ 73 ಮತ್ತು 74ನೇ ಹೈಲ್ಯಾಂಡ್ ರೆಜಿಮೆಂಟುಗಳಿದ್ದವು. ಮಂಗಳೂರಿನವರು ಯಾರಾದರೂ ಇದ್ದರೆ ನಿಮಗೂ ಪಾಲಿದೆ. 1783ರಲ್ಲಿ ಟಿಪ್ಪು ಮಂಗಳೂರು ಕೋಟೆಯನ್ನು ಮುತ್ತಿದಾಗ ಒಳಗಿದ್ದದ್ದು 42ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್, ಮುಂದೆ 73 ಆದದ್ದು ಅದೇ. ತಿಂಗಳುಗಟ್ಟಲೆ ಹಸಿದು 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟರು. ಬ್ಲ್ಯಾಕ್ ವಾಚ್‌ನ ಯುದ್ಧಗೌರವಗಳ ಪಟ್ಟಿಯಲ್ಲಿ ಇವತ್ತಿಗೂ ಮೈಸೂರು, ಮಂಗಳೂರು, ಶ್ರೀರಂಗಪಟ್ಟಣ ಮೂರೂ ಇವೆ. ಇಂಥ ಹೆಸರುಗಳನ್ನು ಪೈಪ್ ಬ್ಯಾಂಡಿನ ಡ್ರಮ್ಮುಗಳ ಮೇಲೆ ಬರೆಯುವುದು ವಾಡಿಕೆ. ಸೋತು ಬಿಟ್ಟುಕೊಟ್ಟ ಊರಿನ ಹೆಸರನ್ನೂ ಗೌರವ ಅಂತ ಬರೆದುಕೊಂಡಿದ್ದಾರಲ್ಲ, ಅದು ನನಗೆ ಹಿಡಿಸಿತು. ಅಂದಹಾಗೆ, ನಮ್ಮ ಬಿಸಿಲಿಗೆ ಇಲ್ಲಿನ ಹೈಲ್ಯಾಂಡ್ ಪಡೆಗಳು ಎಷ್ಟೋ ಸಲ ಕಿಲ್ಟ್ ಬಿಟ್ಟು ಬಿಳಿ ಪ್ಯಾಂಟ್ ಹಾಕುತ್ತಿದ್ದವು. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಉಟ್ಟ ಕಿಲ್ಟ್ ಅಂತ ಯಾರಾದರೂ ಮಾರಲು ಬಂದರೆ ಕಾಫಿ ಕುಡಿಸಿ ಕಳಿಸಿ.

ಕಥೆಗಳ ಬಗ್ಗೆ ನಾನು ಇಷ್ಟು ಗೊಣಗುವುದಕ್ಕೆ ಇನ್ನೊಂದು ಕಾರಣ ಇದೆ. 1897ರ ಅಕ್ಟೋಬರ್ 20, ವಾಯವ್ಯ ಗಡಿಯ ದರ್ಗಾಯ್ ಬೆಟ್ಟ. ಗಾರ್ಡನ್ ಹೈಲ್ಯಾಂಡರ್ಸ್‌ನ ಜಾರ್ಜ್ ಫಿಂಡ್ಲೇಟರ್ ಎಂಬ ಪೈಪರ್‌ಗೆ ಕಾಲಿಗೆ ಗುಂಡು ಬಿತ್ತು. ಬಿದ್ದಲ್ಲೇ ಕೂತು ಊದಿದ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅವನು ಊದಿದ ಧಾಟಿ 'ಕಾಕ್ ಓ ದ ನಾರ್ತ್' ಅಂತ ಊರೆಲ್ಲ ಹೇಳಿತು, ಅದು ಆ ರೆಜಿಮೆಂಟಿನ ಧಾಟಿ ಬೇರೆ. ಅವನು ಮಾತ್ರ, ಇಲ್ಲ, 'ಹಾಸ್ ಆಫ್ ಕ್ರಾಮ್‌ಡೇಲ್' ಊದಿದೆ ಅಂದ. ಊದಿದವನು ಬದುಕಿದ್ದಾಗಲೇ ಹೀಗೆ. ಇನ್ನು ಸಂತೆಯ ಮುತ್ತಾತನ ಪಾಡೇನು?

ಆದರೆ ಸಾಮಾನೇ ಕಥೆ ಹೇಳಿದ ಒಂದು ಸಂದರ್ಭ ಇದೆ. ಜೇಮ್ಸ್ ರಿಚರ್ಡ್ಸನ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಹುಡುಗ. 1916ರ ಅಕ್ಟೋಬರ್ 8ರಂದು ಮೊದಲ ಮಹಾಯುದ್ಧದ ಸೋಮ್ ರಣರಂಗದ ರೆಜೈನಾ ಟ್ರೆಂಚಿನ ಮುಂದೆ ಅವನ ಪಡೆ ಮುಳ್ಳುತಂತಿಗೆ ಸಿಕ್ಕಿ ನಿಂತಿತು. ಗುಂಡು ಹಾರುತ್ತಿರುವಾಗಲೇ ತಂತಿಯ ಮುಂದೆ ಅತ್ತಿಂದಿತ್ತ ಓಡಾಡುತ್ತಾ ಊದಿದ. ಪಡೆ ಎದ್ದು ನುಗ್ಗಿತು. ಆಮೇಲೆ ಗಾಯಾಳುವೊಬ್ಬನನ್ನು ಹಿಂದಕ್ಕೆ ಕರೆದೊಯ್ಯುವಾಗ ಪೈಪು ಅಲ್ಲೇ ಬಿಟ್ಟದ್ದು ನೆನಪಾಯಿತು. ತರುತ್ತೇನೆ ಅಂತ ವಾಪಸ್ ಹೋದ. ಮತ್ತೆ ಯಾರೂ ಅವನನ್ನು ಜೀವಂತ ನೋಡಲಿಲ್ಲ. ಆಗ ಅವನ ವಯಸ್ಸು 20.

ಪೈಪು ಕೆಸರಲ್ಲಿ ಹೋಯಿತು ಅಂತಲೇ ಎಲ್ಲರೂ ನಂಬಿದ್ದರು. 1917ರಲ್ಲಿ ಬ್ರಿಟಿಷ್ ಸೈನ್ಯದ ಪಾದ್ರಿಯೊಬ್ಬರಿಗೆ ಒಂದು ಮುರುಕು ಪೈಪು ಸಿಕ್ಕಿತ್ತು. ಅವರು ಅದನ್ನು ಸ್ಕಾಟ್ಲೆಂಡಿನ ಕ್ರೀಫ್ ಊರಿನ ಆರ್ಡ್‌ವ್ರೆಕ್ ಶಾಲೆಗೆ ತಂದಿಟ್ಟರು. ಯಾರದೆಂದು ಗೊತ್ತಿಲ್ಲದೆ ದಶಕಗಟ್ಟಲೆ ಅಲ್ಲೇ ಇತ್ತು. 2002ರಲ್ಲಿ ವಿಚಾರಣೆ ಶುರುವಾಯಿತು. ಅದಕ್ಕೆ ಅಂಟಿಕೊಂಡಿದ್ದ ಬಟ್ಟೆಯ ಚೂರಿನ ಚೌಕಳಿ ಲೆನಾಕ್ಸ್ ಟಾರ್ಟನ್. ಆ ಟಾರ್ಟನ್ ಬಳಸುತ್ತಿದ್ದದ್ದು ರಿಚರ್ಡ್ಸನ್‌ನ ಬೆಟಾಲಿಯನ್, ಕೆನಡಾದ 16ನೆಯದು. ಆ ಎಳೆ ಹಿಡಿದೇ ಹೋದರು. 2006ರಲ್ಲಿ ಪೈಪು ಕೆನಡಾಕ್ಕೆ ಹೋಯಿತು, ವಿಕ್ಟೋರಿಯಾ ನಗರದ ಶಾಸನಸಭೆಯ ಕಟ್ಟಡದಲ್ಲಿ ಇಟ್ಟರು. ಯಾರಾದರೂ ಚೊಕ್ಕಟದ ಗೀಳಿನವರು ಅದನ್ನು ಮಧ್ಯದಲ್ಲಿ ಒಂದು ಸಲ ತೊಳೆದು ಪಾಲಿಶ್ ಮಾಡಿಬಿಟ್ಟಿದ್ದರೆ? ಆ ಚೂರು ಕಸದ ಬುಟ್ಟಿಗೆ ಹೋಗಿರುತ್ತಿತ್ತು.

ಅದಕ್ಕೇ ಈ ಜಾಕೆಟನ್ನು ನಾನು ಡ್ರೈಕ್ಲೀನಿಂಗಿಗೆ ಕೊಟ್ಟಿಲ್ಲ. ನುಸಿ ಬಾರದ ಹಾಗೆ ನೋಡಿಕೊಳ್ಳುತ್ತೇನೆ, ಅಷ್ಟೇ. ಹತ್ತಿರ ಬನ್ನಿ, ಎಡ ತೋಳು ಎತ್ತುತ್ತೇನೆ. ಬಲ ಕಂಕುಳಲ್ಲಿ ಉಣ್ಣೆಯ ನವಿರು ಹಾಗೇ ಇದೆ. ಎಡಗಡೆ ನೂಲಿನ ಎಳೆ ಎಣಿಸಬಹುದು. ಚೀಲ ಒತ್ತಿ ಒತ್ತಿ ಸವೆದದ್ದು. ಬೆರಳಿಟ್ಟರೆ ಒಂಚೂರು ಅಂಟು ಅನ್ನಿಸುತ್ತದೆ. ಚೀಲದ ಹೊಲಿಗೆಯಿಂದ ಜಿನುಗಿದ ಆ ಬೆಲ್ಲದ ಪಾಕ ಇರಬೇಕು ಅಂತ ನನ್ನ ಊಹೆ. ಈ ಜಾಕೆಟ್ ಮಾರಿದ ಅಜ್ಜಿ ಯಾವ ಕಥೆಯನ್ನೂ ಹೇಳಲಿಲ್ಲ. "ಅಟ್ಟದಲ್ಲಿತ್ತು, ಯಾರದೋ ಗೊತ್ತಿಲ್ಲ" ಅಂದರು. ಚೌಕಾಸಿ ಮಾಡದೆ ಕೊಂಡೆ.